ಲಕ್ಕಮ್ಮನ ಅಳತೆಯಲ್ಲಿ ಒಂದು ಓಟ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ಬರುವ ಬಸವ ಜಯಂತಿಗೆ ಕ್ಯಾನ್ಸರ್ ರೋಗಿಗಳ ನೆರವಿಗಾಗಿ ಓಟವೊಂದನ್ನು ಏರ್ಪಡಿಸಬೇಕೆಂದು ನಮ್ಮ ಯುವಕರು ಕೇಳಿದ್ದಾರೆ. ಮಠಕ್ಕೂ ಓಟಕ್ಕೂ ಏನು ಸಂಬಂಧ ಎಂದು ಕೆಲವು ಹಿರಿಯರ ಪ್ರಶ್ನೆ. ಇದರ ನಡುವೆ ಇನ್ನೊಂದು ಮಾತು ಬಂದಿದೆ. ಪಾನ್ ಮಸಾಲಾ ಮಾರುವವರೊಬ್ಬರು ಇಡೀ ಖರ್ಚು ತಾವೇ ನೋಡಿಕೊಳ್ಳುತ್ತಾರಂತೆ. ಓಡುವವರ ಬೆನ್ನಿನ ಮೇಲೆ ತಮ್ಮ ಮಾಲಿನ ಹೆಸರು ಇದ್ದರೆ ಸಾಕಂತೆ. ಇದನ್ನು ತೀರ್ಮಾನಿಸುವ ಮೊದಲು, ಕೆನಡಾ ದೇಶದ ಟೆರಿ ಫಾಕ್ಸ್ ಎಂಬ ಹುಡುಗ ಏನು ಮಾಡಿದ ಎಂಬುದನ್ನು ಕೇಳಿ.

1977ರಲ್ಲಿ ಅವನಿಗೆ ಹದಿನೆಂಟು ವರ್ಷ. ಮೂಳೆಯ ಕ್ಯಾನ್ಸರ್ ಬಂದು, ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಬದುಕುವ ಸಾಧ್ಯತೆ ನೂರಕ್ಕೆ 50 ಎಂದರು ವೈದ್ಯರು. ಎರಡೇ ವರ್ಷ ಮೊದಲಾಗಿದ್ದರೆ ಅದು ಬರೀ 15. ಆ ವ್ಯತ್ಯಾಸ ಬಂದದ್ದು ಸಂಶೋಧನೆಯಿಂದ. ಯಾರೋ ಕೊಟ್ಟ ದುಡ್ಡು, ಯಾರೋ ಪಟ್ಟ ಶ್ರಮ ತನ್ನನ್ನು ಉಳಿಸಿದೆ ಎಂಬುದು ಆ ಹುಡುಗನಿಗೆ ಅರ್ಥವಾಯಿತು.

1980ರ ಏಪ್ರಿಲ್ 12ರಂದು ದೇಶದ ಪೂರ್ವ ಅಂಚಿನ ಸೇಂಟ್ ಜಾನ್ಸ್‌ನಿಂದ ಓಡತೊಡಗಿದ. ದಿನಕ್ಕೆ ಸುಮಾರು 42 ಕಿಲೋಮೀಟರ್. ಎಂಜಿನಿಯರನಾಗಿ ನನಗೆ ಕುತೂಹಲ ಅವನ ಕೃತಕ ಕಾಲಿನದು. ಅದರ ಸ್ಪ್ರಿಂಗು ಮತ್ತೆ ತನ್ನ ಸ್ಥಿತಿಗೆ ಬರಲು ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಎಡಗಾಲಿನ ಮೇಲೆ ಎರಡು ಸಲ ಕುಪ್ಪಳಿಸಿ, ಆಮೇಲೆ ಬಲಗಾಲನ್ನು ಮುಂದೆ ಹಾಕಬೇಕು. ಹೀಗೆ 143 ದಿನ, 5,373 ಕಿಲೋಮೀಟರ್! ಸೆಪ್ಟೆಂಬರ್ 1ರಂದು ಥಂಡರ್ ಬೇ ಹತ್ತಿರ ಉಸಿರು ಕಟ್ಟಿ ನಿಂತ. ಕ್ಯಾನ್ಸರ್ ಶ್ವಾಸಕೋಶಕ್ಕೆ ಏರಿತ್ತು. ಮರುವರ್ಷ ಜೂನ್ 28ರಂದು ಲಿಂಗೈಕ್ಯನಾದ ಎಂದೇ ನಾನು ಹೇಳುತ್ತೇನೆ, ಯಾರೂ ಆಕ್ಷೇಪಿಸಬಾರದು.

ಇನ್ನು ದುಡ್ಡಿನ ವಿಚಾರ. ಸುಮಾರು ಹತ್ತು ಸಾವಿರ ಜನರ ಪೋರ್ಟ್ ಓ ಬಾಸ್ಕ್ ಎಂಬ ಊರು ಅವನಿಗೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಕೂಡಿಸಿ ಕೊಟ್ಟಿತು. ತಲೆಗೊಂದು ಡಾಲರ್. ದೇಶದ ಎರಡು ಕೋಟಿ ನಲವತ್ತು ಲಕ್ಷ ಜನರಿಂದಲೂ ಹಾಗೆಯೇ ಬರಲಿ ಎಂದು ಅವನು ಆಸೆಪಟ್ಟ. 1981ರ ಫೆಬ್ರವರಿಯ ಹೊತ್ತಿಗೆ ಅಷ್ಟೂ ಬಂತು. ವಾಹನ, ಇಂಧನ, ಬೂಟುಗಳನ್ನು ಕಂಪನಿಗಳಿಂದ ಪಡೆದ, ನಿಜ. ಆದರೆ ನಮ್ಮ ಮಾಲನ್ನು ಹೊಗಳು ಎಂದವರನ್ನೂ ಷರತ್ತು ಹಾಕಿ ಕೊಟ್ಟವರನ್ನೂ ವಾಪಸ್ ಕಳಿಸಿದ. ತನ್ನ ಓಟದಿಂದ ಯಾರಿಗೂ ಲಾಭ ಆಗಕೂಡದು ಎಂಬುದು ಅವನ ಹಟ.

ಇದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದವಳು ಆಯ್ದಕ್ಕಿ ಲಕ್ಕಮ್ಮ. ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಹೆಚ್ಚು ತಂದಾಗ, ಇದು ನಮ್ಮದಲ್ಲ, ಅಲ್ಲೇ ಸುರಿದು ಬಾ ಎಂದು ಆಕೆ ಹಿಂದಿರುಗಿಸಿದಳು. ಮನೆಯಲ್ಲಿ ಜಂಗಮ ದಾಸೋಹ ನಡೆಯುತ್ತಿತ್ತು, ಅಕ್ಕಿ ಬೇಕಾಗಿತ್ತು. ಆದರೂ ಕಳಿಸಿದಳು. ದಾಸೋಹಕ್ಕೆ ಬರುವುದು ಎಲ್ಲಿಂದ, ಹೇಗೆ ಬಂತು ಎಂದು ಮೊದಲು ಅಳೆಯುವುದು ಆಕೆಯ ರೀತಿ.

ಆ ಅಳತೆಯಲ್ಲಿ ಪಾನ್ ಮಸಾಲಾ ದುಡ್ಡು ನಿಲ್ಲುವುದಿಲ್ಲ. ತಂಬಾಕಿಲ್ಲದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಅಡಿಕೆ ಬೆಳೆಯುವ ಬಂಧುಗಳು ಈ ಸಭೆಯಲ್ಲೇ ಇದ್ದಾರೆ, ಅವರಿಗಿದು ಹಿತವಾಗದು, ಗೊತ್ತು. ಅವರ ತೋಟದ ಮಾತು ಬೇರೆ ದಿನ ಆಡೋಣ. ಬಾಯಿಯ ಹುಣ್ಣು ಕೊಡುವ ಚೀಟಿನ ಹೆಸರನ್ನು ನಮ್ಮ ಮಕ್ಕಳ ಬೆನ್ನಿಗೆ ಅಂಟಿಸಿ, ಅದೇ ಬಾಯಿಯ ಕ್ಯಾನ್ಸರಿಗೆ ದುಡ್ಡು ಎತ್ತುವುದಂತೂ ಆಗದು.

ಹಾಗಾದರೆ ಓಟ ಬೇಡವೇ? ಬೇಕು. ಟೆರಿ ತೀರಿದ ವರ್ಷ ಸೆಪ್ಟೆಂಬರಿನಲ್ಲಿ ಅವನ ಹೆಸರಿನಲ್ಲಿ ಮೊದಲ ಓಟ ನಡೆಯಿತು; ಮೂರು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಅದರಲ್ಲಿ ಪೈಪೋಟಿಯಿಲ್ಲ, ಗೆದ್ದವರು ಸೋತವರು ಎಂಬುದಿಲ್ಲ. ನಡೆಯುವವರು ನಡೆಯಬಹುದು, ಗಾಲಿಕುರ್ಚಿಯಲ್ಲೂ ಬರಬಹುದು. ನಾವೂ ಹಾಗೆ ಮಾಡೋಣ. ಪ್ರವೇಶ ಶುಲ್ಕ ಬೇಡ, ಪದಕ ಬೇಡ, ಫ್ಲೆಕ್ಸಿನಲ್ಲಿ ಮುಖಂಡರ ಮುಖ ಬೇಡ. ಕೂಲಿಯವರ ಹತ್ತು ರೂಪಾಯಿಯೂ ಸಾಹುಕಾರರ ಹತ್ತು ಸಾವಿರವೂ ಒಂದೇ ಹುಂಡಿಗೆ ಬೀಳಲಿ. ನೀರು, ಆಂಬುಲೆನ್ಸ್ ಖರ್ಚು ಮಠದ್ದಾಗಲಿ.

ಆ ದುಡ್ಡು ಎಲ್ಲಿಗೆ? ವಿಕಿರಣ ಚಿಕಿತ್ಸೆ ದಿನಕ್ಕೆ ಕೆಲವೇ ನಿಮಿಷದ್ದು, ಆದರೆ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುತ್ತದೆ. ಬೆಂಗಳೂರಿನ ಕಿದ್ವಾಯಿಗೋ ಹುಬ್ಬಳ್ಳಿ ನವನಗರದ ಆಸ್ಪತ್ರೆಗೋ ಹೋದ ಕೂಲಿಕಾರನ ಜೊತೆ ಹೆಂಡತಿಯೂ ಕೂಲಿ ಬಿಟ್ಟು ಉಳಿಯಬೇಕು. ಬಸ್ಸಿನ ದುಡ್ಡು, ಕೋಣೆ ಬಾಡಿಗೆ, ಊಟಕ್ಕೆ ಕೈ ಖಾಲಿಯಾದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಹುಂಡಿ ಆ ಖರ್ಚಿಗೆ, ಯಾವ ಜಾತಿಯವರೆಂದು ಕೇಳದೆ.

ಸರ್ಕಾರದಲ್ಲಿದ್ದಷ್ಟು ವರ್ಷ ಮೆಜರ್‌ಮೆಂಟ್ ಬುಕ್ ಬರೆದವನು ನಾನು. ಈ ಹುಂಡಿಯ ಲೆಕ್ಕವನ್ನೂ ಬರೆಯುತ್ತೇನೆ. ಓಟದ ಮರು ತಿಂಗಳ ಗೋಷ್ಠಿಯಲ್ಲಿ, ಇದೇ ಜಾಗದಲ್ಲಿ ನಿಂತು ಪೈಸೆ ಪೈಸೆ ಓದುತ್ತೇನೆ. ಪಾನ್ ಮಸಾಲಾದವರಿಗೆ ಬೇಡವೆಂದು ಹೇಳುವ ಕೆಲಸ ಮಾತ್ರ ಸಮಿತಿಯ ಅಧ್ಯಕ್ಷರು ಈ ವಾರವೇ ಮಾಡಬೇಕು.