ದೂರ ಶಿಕ್ಷಣದಲ್ಲಿ ವಿದ್ಯಾರ್ಥಿಯ ಹಾಜರಿ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಶಾಲೆಯ ಹಾಜರಿ ಪುಸ್ತಕದಲ್ಲಿರುವ ಪ್ರತಿಯೊಂದು ಗುರುತಿನ ಹಿಂದೆಯೂ ಇಬ್ಬರಿದ್ದಾರೆ. ಗುರುಗಳು ಹೆಸರು ಹಿಡಿದು ಕರೆಯುತ್ತಾರೆ. ಮಗು ಎದ್ದು ನಿಂತು ಓಗೊಡುತ್ತದೆ. ಶಾಲೆಯಿಂದ ದೂರವಿದ್ದು ಕಲಿಯುವ ವಿದ್ಯಾರ್ಥಿಯ ವಿಷಯದಲ್ಲಿ ಈ ಹಾಜರಿಗೆ ಏನು ಅರ್ಥ ಎಂಬುದನ್ನು ಇಂದು ನಿಮ್ಮ ಮುಂದೆ ವಿಚಾರ ಮಾಡಬಯಸುತ್ತೇನೆ.

ದೂರ ಶಿಕ್ಷಣವು ಇತ್ತೀಚಿನದಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾದಾಗ ಐಸಾಕ್ ಪಿಟ್‌ಮನ್ ಅವರು ಅಂಚೆಯ ಮೂಲಕ ಶೀಘ್ರಲಿಪಿಯನ್ನು ಕಲಿಸತೊಡಗಿದರು. ವಿದ್ಯಾರ್ಥಿಗಳು ಅಭ್ಯಾಸ ಬರೆದು ಕಳುಹಿಸುತ್ತಿದ್ದರು; ತಿದ್ದಿದ ಹಾಳೆ ಅವರಿಗೆ ಮರಳುತ್ತಿತ್ತು. ನಮ್ಮ ದೇಶದಲ್ಲಿ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವೂ 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ಶಿಕ್ಷಣವನ್ನು ಆರಂಭಿಸಿದವು. ಅಚ್ಚಾದ ಪಾಠವನ್ನು ಯಾರಾದರೂ ಓದಬಹುದು. ತಾನು ಬರೆದುದನ್ನು ಒಬ್ಬರು ಓದಿ ತಿದ್ದಿದ್ದಾರೆ ಎಂಬುದನ್ನು ಕಂಡಾಗಲೇ ಓದುಗನು ವಿದ್ಯಾರ್ಥಿಯಾಗುತ್ತಾನೆ.

2020ರ ಜೂನ್ 1ರಂದು ಕೇರಳದಲ್ಲಿ ಕೈಟ್ ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧಗೊಂಡವು. ದೂರದರ್ಶನವಾಗಲಿ ಮೊಬೈಲಾಗಲಿ ಇಲ್ಲದ ಮಕ್ಕಳಿಗಾಗಿ ಗ್ರಂಥಾಲಯ, ಅಂಗನವಾಡಿಗಳಲ್ಲಿ ವ್ಯವಸ್ಥೆಯಾಯಿತು. ಆ ಸಂಕಟಕಾಲದಲ್ಲಿ ಅದು ದೊಡ್ಡ ಕಾರ್ಯವೇ ಸರಿ. ಆದರೆ ಆ ಪಾಠಗಳಲ್ಲಿ ಮಗು ಗುರುವನ್ನು ಕಾಣುತ್ತಿತ್ತು, ಗುರು ಮಗುವನ್ನು ಕಾಣುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಸಂಜೆ ಮನೆಮನೆಗೆ ಫೋನ್ ಮಾಡಿ, ಕಳುಹಿಸಿದ ಉತ್ತರಗಳನ್ನು ತಿದ್ದಿದ ಶಿಕ್ಷಕರು.

ಅನಂತರ ಮೊಬೈಲಿನಲ್ಲಿ ನೇರ ತರಗತಿಗಳು ಬಂದವು. ಒಬ್ಬ ಹುಡುಗನ ಹೆಸರು ಪರದೆಯ ಮೇಲೆ ಇರುತ್ತದೆ, ಹುಡುಗ ಅಂಗಳದಲ್ಲಿ ಆಡುತ್ತಿರುತ್ತಾನೆ. ಇನ್ನೊಬ್ಬಳ ಮನೆಯಲ್ಲಿರುವ ಒಂದೇ ಫೋನು ತಂದೆಯೊಡನೆ ಕೂಲಿಗೆ ಹೋಗಿರುತ್ತದೆ. ಆಕೆ ರಾತ್ರಿ ಪಾಠ ಕೇಳಿ, ಲೆಕ್ಕ ಬಿಡಿಸಿ, ಪುಟದ ಚಿತ್ರ ತೆಗೆದು ಕಳುಹಿಸುತ್ತಾಳೆ. ಯಂತ್ರದ ಲೆಕ್ಕದಲ್ಲಿ ಮೊದಲನೆಯವನು ಹಾಜರು, ಎರಡನೆಯವಳು ಗೈರುಹಾಜರು. ಗುರುವಿನ ಲೆಕ್ಕವು ಹಾಗಿರಲಾಗದು.

ದೂರ ಶಿಕ್ಷಣದ ಚಿಂತಕರಾದ ಮೈಕೆಲ್ ಮೂರ್ ಅವರು ಈ ದೂರವು ಕೇವಲ ನೆಲದ ದೂರವಲ್ಲ, ಕಲಿಸುವವರಿಗೂ ಕಲಿಯುವವರಿಗೂ ನಡುವೆ ಅರ್ಥಗ್ರಹಣದಲ್ಲಿ ಉಂಟಾಗುವ ಅಂತರ ಎಂದು ವಿವರಿಸಿದ್ದಾರೆ. ಸಂವಾದ ಹೆಚ್ಚಿದಂತೆ ಆ ಅಂತರ ಕಡಿಮೆಯಾಗುತ್ತದೆ. ಕಾಸರಗೋಡಿನ ಕನ್ನಡಿಗರಾದ ನಮಗೆ ಈ ಮಾತು ಬೇಗನೆ ಮನವರಿಕೆಯಾಗಬೇಕು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದಾಗ ಈ ಜಿಲ್ಲೆಯ ಮಕ್ಕಳೂ ಪೋಷಕರೂ ಪ್ರತಿಭಟಿಸಿದ್ದು ಏಕೆ? ಒಂದೇ ಕೋಣೆಯಲ್ಲಿ, ಮೂರು ಮೊಳದ ಅಂತರದಲ್ಲಿ ಕುಳಿತ ಮಗುವೂ ಅಲ್ಲಿ ದೂರ ಶಿಕ್ಷಣದ ವಿದ್ಯಾರ್ಥಿಯೇ ಆಗಿಬಿಡುತ್ತದೆ. ಓಗೊಡಲು ಭಾಷೆಯಿಲ್ಲದ ಕಡೆ ಹಾಜರಿಯು ಬರಿಯ ಗುರುತು.

ಧ್ವನಿಮುದ್ರಿತ ಪಾಠಕ್ಕೂ ಇಂಥದೇ ಮಿತಿಯಿದೆ. ನಮ್ಮ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ ಎಂದು ಹಲವು. ಮಗುವಿನ ಮುಖ ಬಾಡಿದ್ದನ್ನು ಕಂಡ ಶಿಕ್ಷಕಿ ಕನ್ನಡದ ಪದವೊಂದನ್ನು ತುಳುವಿನಲ್ಲಿ ಬಿಡಿಸಿ ಹೇಳಿ ಮತ್ತೆ ಕನ್ನಡಕ್ಕೆ ಬರುತ್ತಾರೆ. ಪರದೆಯ ಪಾಠವು ತಾನು ಆರಂಭಿಸಿದ ವೇಗದಲ್ಲಿಯೇ ಮುಂದೆ ಸಾಗುತ್ತದೆ.

ಆದುದರಿಂದ ನನ್ನ ವಿನಂತಿಗಳು ಮೂರು. ದೂರದಿಂದ ಕಲಿಸುವ ಪ್ರತಿಯೊಂದು ಪಾಠಕ್ಕೂ ಮಗುವಿನಿಂದ ಒಂದು ಉತ್ತರವನ್ನು ಪಡೆದು, ಅದನ್ನು ತಿದ್ದಿ ಮರಳಿಸಬೇಕು. ಹಾಜರಿಯನ್ನು ಅದರಿಂದಲೇ ಗಣಿಸಬೇಕು. ವಾರಕ್ಕೊಮ್ಮೆಯಾದರೂ ಊರಿನ ವಾಚನಾಲಯದಲ್ಲಿ ಮಕ್ಕಳು ಒಟ್ಟಿಗೆ ಕುಳಿತು ಕಲಿತದ್ದನ್ನು ಚರ್ಚಿಸುವಂತಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳ ಸಂಖ್ಯೆ ಕಡಿಮೆಯೆಂಬ ನೆಪದಿಂದ ಕನ್ನಡ ಶಿಕ್ಷಕರ ಹುದ್ದೆಯ ಜಾಗದಲ್ಲಿ ಧ್ವನಿಮುದ್ರಿತ ಪಾಠವನ್ನು ಇರಿಸುವ ಆಲೋಚನೆ ಎಂದಾದರೂ ತಲೆದೋರಿದರೆ ನಾವೆಲ್ಲರೂ ಒಂದಾಗಿ ಅದನ್ನು ವಿರೋಧಿಸಬೇಕು. ಪಾಠವು ಶಿಕ್ಷಕರ ಕೈಯ ಸಾಧನವಾಗಿರಲಿ, ಶಿಕ್ಷಕರಿಗೆ ಬದಲಿಯಾಗದಿರಲಿ.

ಈ ವಿದ್ಯಾಸಂಸ್ಥೆಯು ಎರಡನೆಯ ಶತಮಾನದಲ್ಲಿಯೂ ತನ್ನ ಮಕ್ಕಳನ್ನು ಹೆಸರು ಹಿಡಿದು ಕನ್ನಡದಲ್ಲಿ ಕರೆಯುತ್ತಿರಲಿ ಎಂದು ಹಾರೈಸುತ್ತೇನೆ.