ಕೀಳಿಸುವ ಮೊದಲು ಒಂದು ಮಾತು
(ರಜತ ಮಹೋತ್ಸವದ ದಿನ ದಂತ ವೈದ್ಯರ ತಂಡದ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಇಂಥ ಶುಭ ಸಮಾರಂಭದಲ್ಲಿ ಹುಳುಕು ಹಲ್ಲಿನ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಹಳ್ಳಿಯ ಶಿಬಿರಗಳಲ್ಲಿ ನಾವು ಹೆಚ್ಚಾಗಿ ಕೇಳುವುದು ಒಂದೇ ಮಾತು: "ನೋವು ತಡೆಯೋಕಾಗಲ್ಲ, ಕಿತ್ತುಬಿಡಿ ಡಾಕ್ಟ್ರೇ." ಉಳಿಸಬಹುದಾಗಿದ್ದ ಹಲ್ಲೂ ಹೀಗೆ ಹೋಗುತ್ತಿದೆ.

ಹುಳುಕು ಅಂದರೂ ಹಲ್ಲಿನೊಳಗೆ ಹುಳ ಇರುವುದಿಲ್ಲ. ಸಿಹಿ, ಹಿಟ್ಟಿನ ಪದಾರ್ಥ ಸಂದಿಯಲ್ಲಿ ಉಳಿದರೆ ಬಾಯಿಯ ಸೂಕ್ಷ್ಮಜೀವಿಗಳು ಅದನ್ನು ಆಮ್ಲ ಮಾಡುತ್ತವೆ. ಆಮ್ಲ ಮೇಲಿನ ಗಟ್ಟಿ ಎನಾಮಲನ್ನು ಕರಗಿಸುತ್ತದೆ. ಒಳಪದರ ಅಷ್ಟು ಗಟ್ಟಿಯಲ್ಲ, ಅಲ್ಲಿ ಬೇಗ ಹರಡುತ್ತದೆ. ಹೊರಗೆ ಸಾಸಿವೆಯಷ್ಟು ತೂತು, ಒಳಗೆ ದೊಡ್ಡ ಪೊಟರೆ. ಲವಂಗ ಇಟ್ಟು, ಹೊಗೆಸೊಪ್ಪು ಒತ್ತಿ ದಿನ ತಳ್ಳುತ್ತೀರಿ. ನೋವು ತಾನಾಗಿ ನಿಂತರೆ ವಾಸಿಯಾಯ್ತು ಅಂದುಕೊಳ್ಳಬೇಡಿ. ನರ ಸತ್ತಿರಬಹುದು, ಬೇರಿನಲ್ಲಿ ಕೀವು ಕಟ್ಟುತ್ತಿರಬಹುದು. ಸುಸ್ತಿ ಸಾಲದ ಬಡ್ಡಿ ಹೇಗೆ ಏರುತ್ತೆ ಅಂತ ಈ ಸಭೆಗೆ ನಾವು ಹೇಳಬೇಕಿಲ್ಲ!

ಸಣ್ಣ ತೂತಾದರೆ ಒಂದೇ ಸಲ ಕೂತು ತುಂಬಿಸಿಕೊಳ್ಳಬಹುದು. ಸಿಮೆಂಟ್ ಹಾಕಿಸೋದು ಅಂತೀರಲ್ಲ, ಅದು. ದವಡೆ ಹಲ್ಲಿನಲ್ಲಿ ಗುಂಡಿ ದೊಡ್ಡದಾಗಿದ್ದು, ಸುತ್ತಿನ ಗೋಡೆ ಇನ್ನೂ ಗಟ್ಟಿಯಿದ್ದರೆ ಇನ್‌ಲೇ ಎಂಬ ದಾರಿಯಿದೆ. ಮೈಸೂರಿನಲ್ಲಿ ಬೀಟೆ ಮರ ಕೆತ್ತಿ, ಆ ಜಾಗಕ್ಕೆ ಸರಿಯಾಗಿ ಬೇರೆ ಬಣ್ಣದ ಮರದ ತುಂಡು ಕೂರಿಸುತ್ತಾರಲ್ಲ, ಅದಕ್ಕೂ ಇನ್‌ಲೇ ಅಂತಲೇ ಹೆಸರು. ನಾವು ಹುಳುಕು ಕೆರೆದು ತೆಗೆದು, ಗುಂಡಿಯ ಬಾಯಿ ತಳಕ್ಕಿಂತ ತುಸು ಅಗಲವಿರುವಂತೆ ತಿದ್ದುತ್ತೇವೆ; ಇಲ್ಲದಿದ್ದರೆ ತುಂಡು ಒಳಗೆ ಇಳಿಯುವುದಿಲ್ಲ. ಆಮೇಲೆ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತೇವೆ. ಅದು ಬರುವವರೆಗೆ ತಾತ್ಕಾಲಿಕ ಸಿಮೆಂಟ್. ಎರಡನೇ ಸಲ ಬಂದಾಗ ತುಂಡನ್ನು ಅಂಟಿಸಿ, ಕಚ್ಚುವಾಗ ತಾಗದಂತೆ ಉಜ್ಜಿ ಸರಿಮಾಡುತ್ತೇವೆ. ಆ ಎರಡನೇ ಸಲಕ್ಕೆ ಬಾರದೆ ಇರುವವರೇ ಬಹಳ ಜನ, ಏನು ಮಾಡೋಣ!

ತುಂಡು ಚಿನ್ನದ್ದಿರಬಹುದು, ಪಿಂಗಾಣಿಯದಿರಬಹುದು, ಹಲ್ಲಿನ ಬಣ್ಣದ ಕಾಂಪೊಸಿಟ್ ಇರಬಹುದು. ಚಿನ್ನದ್ದನ್ನು ಎರಕ ಹೊಯ್ಯುವ ಯಂತ್ರವನ್ನು 1907ರಲ್ಲಿ ಅಮೆರಿಕದ ದಂತ ವೈದ್ಯ ವಿಲಿಯಂ ಟ್ಯಾಗರ್ಟ್ ಬಳಕೆಗೆ ತಂದರು. ಮೇಣದಲ್ಲಿ ಮಾದರಿ ಮಾಡಿ, ಸುತ್ತ ಅಚ್ಚು ಕಟ್ಟಿ, ಕಾಸಿ ಮೇಣ ಹೋಗಲಾಡಿಸಿ, ಆ ಜಾಗಕ್ಕೆ ಕರಗಿದ ಚಿನ್ನ ತುಂಬುವುದು. ನಮ್ಮ ಉತ್ಸವಮೂರ್ತಿ ಎರಕ ಹೊಯ್ಯುವವರಿಗೆ ಇದೇನೂ ಹೊಸತಲ್ಲ.

ಎಲ್ಲರಿಗೂ ಇನ್‌ಲೇ ಬೇಕಿಲ್ಲ. ಸಿಮೆಂಟಿಗಿಂತ ಖರ್ಚು ಹೆಚ್ಚು. ಸಿಮೆಂಟೇ ಸಾಕಾಗುತ್ತದೆಯೇ ಅಂತ ಡಾಕ್ಟರನ್ನು ಧೈರ್ಯವಾಗಿ ಕೇಳಿ. ಗೋಡೆ ತೆಳುವಾಗಿದ್ದರೆ ಇನ್‌ಲೇ ಹಾಕಿಸಿದರೂ ಹಲ್ಲು ಸೀಳಬಹುದು; ಅಲ್ಲಿ ಕ್ಯಾಪೇ ಸರಿ.

ಇನ್ನು ಮಕ್ಕಳ ವಿಷಯ. ಸುಮಾರು 6ನೇ ವಯಸ್ಸಿಗೆ ಹಾಲುಹಲ್ಲಿನ ಸಾಲಿನ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದೂ ಹಾಲುಹಲ್ಲೇ, "ಬಿದ್ದು ಹುಟ್ಟುತ್ತೆ ಬಿಡಿ" ಅಂತೀರಿ. ಅದು ಬಿದ್ದು ಹುಟ್ಟುವ ಹಲ್ಲಲ್ಲ, ಹೋದರೆ ಹೋಯ್ತು. ಊಟವಾದ ಮೇಲೆ ನಾವು ಸಂಘದ ಕಟ್ಟಡದಲ್ಲೇ ಇರುತ್ತೇವೆ. ಮಕ್ಕಳನ್ನು ಕರಕೊಂಡು ಬನ್ನಿ, ಬಾಯಿ ನೋಡುತ್ತೇವೆ.