ಕಣ್ಣೊಳಗಿನ ರಕ್ತ



ಕುಪವಾಡ ಎಂಐಡಿಸಿಯಲ್ಲಿ ದುಡಿಯುವವರು ಇರುವ ಮನೆಗಳು ಇಂದಿನ ವಿಷಯವನ್ನು ತಿಳಿದಿರಬೇಕು. ತಲೆ ಹರಡಿದ ಉಳಿಯ ಮೇಲೆ ಸುತ್ತಿಗೆ ಬಿದ್ದಾಗ ಸಾಸಿವೆಗಿಂತ ಸಣ್ಣ ಉಕ್ಕಿನ ಚೂರು ಸಿಡಿಯುತ್ತದೆ. ಅದು ಕಣ್ಣು ಹೊಕ್ಕರೂ ಕೆಲವೊಮ್ಮೆ ಚುರ್ ಎಂದಷ್ಟೇ ಅನಿಸುತ್ತದೆ. ಪಾಳಿ ಮುಗಿಸಿ ಮಲಗಿ ಬೆಳಿಗ್ಗೆ ಎದ್ದರೆ ಕಣ್ಣ ಮುಂದೆ ಜೇಡರ ಬಲೆ, ಹೊಗೆ, ಇಲ್ಲವೇ ಕೆಂಪು ಪರದೆ.

ಕಣ್ಣುಗುಡ್ಡೆಯೊಳಗೆ ಸುಮಾರು 4 ಮಿಲಿಲೀಟರಿನಷ್ಟು, ಮೊಟ್ಟೆಯ ಬಿಳಿಯಂಥ ತಿಳಿಯಾದ ಪದಾರ್ಥವಿದೆ. ಅದರ ಹಿಂದೆ ಅಕ್ಷಿಪಟಲ. ಪಟಲದ ರಕ್ತನಾಳ ಒಡೆದರೆ ರಕ್ತ ಆ ತಿಳಿಯಲ್ಲಿ ಬೆರೆತು ಬೆಳಕನ್ನು ತಡೆಯುತ್ತದೆ. ಪೆಟ್ಟೊಂದೇ ಕಾರಣವಲ್ಲ. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಟಲದ ಮೇಲೆ ದುರ್ಬಲವಾದ ಹೊಸ ನಾಳಗಳು ಹುಟ್ಟಿ ಒಡೆಯುತ್ತವೆ. ಆಗ ನೋವೇ ಇರುವುದಿಲ್ಲ. ಹಲವರು ಇದನ್ನು ಪೊರೆ, ಅಂದರೆ ಮರಾಠಿಯ ಮೋತಿಬಿಂದು ಎಂದು ತಿಳಿದು, 'ಹಣ್ಣಾಗಲಿ' ಎಂದು ಕಾಯುತ್ತಾರೆ. ಪೊರೆ ತಿಂಗಳುಗಟ್ಟಲೆ ಬೆಳೆಯುತ್ತದೆ. ರಕ್ತ ಕೆಲವೇ ಗಂಟೆಗಳಲ್ಲಿ ಕತ್ತಲೆ ತರುತ್ತದೆ. ಈ ವ್ಯತ್ಯಾಸ ನೆನಪಿರಲಿ.

ಒಳಗೆ ರಕ್ತ ತುಂಬಿದಾಗ ವೈದ್ಯರು ಬಿ-ಸ್ಕ್ಯಾನ್ ಮಾಡಿ ಪಟಲ ಕಳಚಿದೆಯೇ ಎಂದು ನೋಡುತ್ತಾರೆ. ಪಟಲ ನೆಟ್ಟಗಿದ್ದರೆ ಅವರ ಸಲಹೆಯಂತೆ ಕೆಲವು ವಾರ ಕಾಯಬಹುದು. ರಕ್ತ ತಾನೇ ಕರಗುವುದುಂಟು. ಪಟಲ ಕಳಚಿದ್ದರೆ, ಚೂರು ಒಳಗಿದ್ದರೆ ತಡಮಾಡುವಂತಿಲ್ಲ. ಕಬ್ಬಿಣ ಒಳಗೇ ಉಳಿದರೆ ತುಕ್ಕಿನ ವಿಷ ಪಟಲವನ್ನು ಕೆಡಿಸುತ್ತದೆ.

ಇದಕ್ಕೆ ಮಾಡುವ ಶಸ್ತ್ರಚಿಕಿತ್ಸೆ ವಿಟ್ರೆಕ್ಟಮಿ. ಅಮೆರಿಕದ ಮಯಾಮಿಯಲ್ಲಿ ಡಾ. ರಾಬರ್ಟ್ ಮ್ಯಾಕೆಮರ್ 1970ರಲ್ಲಿ ಇಂದಿನ ರೀತಿಯ ವಿಧಾನಕ್ಕೆ ದಾರಿ ಹಾಕಿದರು. ಅವರು ತಮ್ಮ ಉಪಕರಣವನ್ನು ಮೊದಲು ಪರೀಕ್ಷಿಸಿದ್ದು ಕೋಳಿಮೊಟ್ಟೆಯ ಬಿಳಿಯ ಮೇಲೆ. ಕಣ್ಣಿನ ಬಿಳಿಭಾಗದಲ್ಲಿ ಮೂರು ಸಣ್ಣ ರಂಧ್ರಗಳು: ಒಂದರಿಂದ ಲವಣದ್ರಾವಣ, ಒಂದರಿಂದ ಬೆಳಕು, ಮತ್ತೊಂದರಿಂದ ಕತ್ತರಿಸಿ ಹೀರುವ ಸೂಜಿ. ಈಗಿನ ಸೂಜಿ ಅರ್ಧ ಮಿಲಿಮೀಟರಿನಷ್ಟೇ ದಪ್ಪ; ಎಷ್ಟೋ ಸಲ ಹೊಲಿಗೆಯೂ ಬೇಡ. ಪಟಲವನ್ನು ಕೂಡಿಸಲು ಅನಿಲ ತುಂಬಿದ್ದರೆ, ವೈದ್ಯರು ಒಪ್ಪುವ ತನಕ ವಿಮಾನ ಹತ್ತಬಾರದು, ಮಹಾಬಳೇಶ್ವರದಂಥ ಘಟ್ಟವನ್ನೂ ಏರಬಾರದು. ಎತ್ತರದಲ್ಲಿ ಅನಿಲ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ.

ಚೂರು ಸಿಡಿದರೆ ಕಣ್ಣು ಉಜ್ಜಬೇಡಿ, ಚುಚ್ಚಿಕೊಂಡದ್ದನ್ನು ಕೀಳಬೇಡಿ. ಕಣ್ಣಿಗೆ ಒತ್ತದಂತೆ ಕಾಗದದ ಲೋಟ ಮುಚ್ಚಿ ಕೂಡಲೇ ಕಣ್ಣಿನ ಆಸ್ಪತ್ರೆಗೆ ಹೋಗಿ. ಸಿಡಿದದ್ದು ಕಬ್ಬಿಣವೆಂದು ತಪ್ಪದೆ ಹೇಳಿ. ಎಂಆರ್‌ಐ ಯಂತ್ರದ ಅಯಸ್ಕಾಂತ ಆ ಚೂರನ್ನು ಒಳಗೇ ಎಳೆದಾಡೀತು. ಸಕ್ಕರೆ ಕಾಯಿಲೆಯವರು ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸಿಕೊಳ್ಳಿ.

ಒಂದು ದಿನದ ಪಗಾರ ಹೋದರೆ ಮರಳಿ ಗಳಿಸಬಹುದು. ಸುರಕ್ಷಾ ಕನ್ನಡಕ ಜೇಬಿನಲ್ಲಿರದೆ ಕಣ್ಣಿನ ಮೇಲಿರಲಿ.